ಹಿಮದ ರಸ್ತೆಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಮತ್ತು ನಾಲ್ಕು ಚಕ್ರ ಚಾಲನೆ

ಹಿಮ ಕವಿದ ರಸ್ತೆಯಲ್ಲಿ ಮೋಟಾರು ವಾಹನದ ಚಕ್ರಗಳು ಹಿಡಿತ ತಪ್ಪಿ ಇದ್ದಲ್ಲೇ ತಿರುಗುವುದನ್ನು ತಡೆಯಲು ಬಳಕೆಗೆ ಬಂದ ಎರಡು ವ್ಯವಸ್ಥೆಗಳು. ಒಂದಕ್ಕೆ ಇನ್ನೊಂದು ಬದಲಿ ಎಂಬಂತೆ ಇವನ್ನು ಹೋಲಿಸುವ ರೂಢಿಯಿದ್ದರೂ ಇವುಗಳ ಕೆಲಸ ಬೇರೆ ಬೇರೆ. ಟ್ರ್ಯಾಕ್ಷನ್ ಕಂಟ್ರೋಲ್ ಚಕ್ರವನ್ನು ತಲುಪುವ ಬಲವನ್ನು ನೆಲದ ಹಿಡಿತ ತಾಳುವಷ್ಟಕ್ಕೆ ಇಳಿಸುತ್ತದೆ. ಫೋರ್ ವೀಲ್ ಡ್ರೈವ್ ಎಂದು ಪರಿಚಿತವಾದ ನಾಲ್ಕು ಚಕ್ರ ಚಾಲನೆ ಆ ಬಲವನ್ನು ಎರಡರ ಬದಲು ನಾಲ್ಕೂ ಚಕ್ರಗಳಿಗೆ ಹಂಚುತ್ತದೆ. ಇಲ್ಲದ ಹಿಡಿತವನ್ನು ಹುಟ್ಟಿಸಲು ಎರಡಕ್ಕೂ ಸಾಧ್ಯವಿಲ್ಲ.

ಟೈರು ನೆಲವನ್ನು ಎಷ್ಟು ಬಲವಾಗಿ ಹಿಡಿಯಬಲ್ಲದು ಎಂಬುದನ್ನು ಅದರ ಮೇಲಿನ ಭಾರಕ್ಕೆ ಹೋಲಿಸಿ ಹೇಳುವ ಅಳತೆಗೆ ಘರ್ಷಣಾಂಕ ಎನ್ನುತ್ತಾರೆ. ಒಣ ಡಾಂಬರಿನ ಮೇಲೆ ಇದು ಸುಮಾರು 0.8 ಇದ್ದರೆ, ವಾಹನಗಳು ಓಡಾಡಿ ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3ಕ್ಕೆ, ಮಂಜುಗಡ್ಡೆಯ ಮೇಲೆ 0.1ರ ಆಸುಪಾಸಿಗೆ ಇಳಿಯುತ್ತದೆ.

ಸಾಧಾರಣ ಕಾರಿನಲ್ಲಿ ಎಂಜಿನ್ನಿನ ತಿರುಗುಬಲವನ್ನು ಎಡ ಬಲ ಚಕ್ರಗಳಿಗೆ ಸಮನಾಗಿ ಹಂಚುವ ಡಿಫರೆನ್ಷಿಯಲ್ ಎಂಬ ಗೇರು ಜೋಡಣೆ ಇರುತ್ತದೆ. ಒಂದು ಚಕ್ರ ಮಂಜುಗಡ್ಡೆಯ ಮೇಲೆ ಸಿಕ್ಕಿ ಸುಮ್ಮನೆ ತಿರುಗತೊಡಗಿದರೆ, ಒಣ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ದೊರೆತು ಕಾರು ನಿಂತಲ್ಲೇ ನಿಲ್ಲುತ್ತದೆ. ಬಾಷ್ ಸಂಸ್ಥೆ 1978ರಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳಿಗೆ ಒದಗಿಸಿದ ಎಬಿಎಸ್ ಬ್ರೇಕಿನ ಚಕ್ರವೇಗದ ಸಂವೇದಕಗಳನ್ನೇ ಆಧರಿಸಿ, 1980ರ ದಶಕದಲ್ಲಿ ರೂಪುಗೊಂಡ ಟ್ರ್ಯಾಕ್ಷನ್ ಕಂಟ್ರೋಲ್ ಇಂಥಲ್ಲಿ ನೆರವಿಗೆ ಬರುತ್ತದೆ: ಜಾರುವ ಚಕ್ರಕ್ಕಷ್ಟೇ ಬ್ರೇಕ್ ಹಾಕಿ ಬಲ ಇನ್ನೊಂದು ಬದಿಗೆ ಹರಿಯುವಂತೆ ಮಾಡುತ್ತದೆ, ಸಾಲದಿದ್ದರೆ ಎಂಜಿನ್ನಿನ ಬಲವನ್ನೇ ತಗ್ಗಿಸುತ್ತದೆ. ಆಳವಾದ ಹಿಮದಲ್ಲಿ ಈ ಎರಡನೆಯ ಗುಣವೇ ತೊಡಕಾಗುವುದುಂಟು. ಸಿಕ್ಕಿಕೊಂಡ ವಾಹನವನ್ನು ಹಿಂದೆ ಮುಂದೆ ತೂಗಾಡಿಸಿ ಹೊರತರಲು ಚಕ್ರ ಕೊಂಚ ಜಾರಲೇಬೇಕಾದಾಗ ವ್ಯವಸ್ಥೆ ಅದಕ್ಕೆ ಎಡೆಗೊಡದೆ ಎಂಜಿನ್ನನ್ನು ಅದುಮಿಡುತ್ತದೆ. ಅದನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಗುಂಡಿಯನ್ನು ಬಹುತೇಕ ಕಾರುಗಳಲ್ಲಿ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ನಾಲ್ಕು ಚಕ್ರ ಚಾಲನೆಯ ನಿಜವಾದ ಲಾಭ ತಿಳಿಯುವುದು ಏರಿನಲ್ಲಿ. ಮುಂದಿನ ಚಕ್ರಗಳಿಂದ ಓಡುವ ಕಾರಿನ ತೂಕದ ಸುಮಾರು ಶೇ. 60 ಭಾಗ ಆ ಚಕ್ರಗಳ ಮೇಲಿದೆಯೆಂದು ಇಟ್ಟುಕೊಂಡರೆ, ಘರ್ಷಣಾಂಕ 0.25 ಇರುವ ಹಿಮದಲ್ಲಿ ಅದಕ್ಕೆ ದಕ್ಕುವ ಗರಿಷ್ಠ ಎಳೆತ ಒಟ್ಟು ತೂಕದ ಶೇ. 15 ಮಾತ್ರ, ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಅದೂ ಪೂರ್ತಿ ಸಿಗುವುದಿಲ್ಲ. ನಾಲ್ಕೂ ಚಕ್ರಗಳು ತಳ್ಳುವ ಕಾರಿಗೆ ಶೇ. 25ರವರೆಗೆ ದಕ್ಕುತ್ತದೆ. ಎಷ್ಟೇ ಜಾಣತನದ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಈ ಅಂತರವನ್ನು ತುಂಬಲಾರದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಂಥ ವಾಹನಗಳಲ್ಲಿ ಚಾಲಕನೇ ಲಿವರ್ ಎಳೆದು ಮುಂದಿನ ಹಿಂದಿನ ಅಚ್ಚುಗಳನ್ನು ಬಿಗಿಯಾಗಿ ಜೋಡಿಸಬೇಕು, ಒಣ ರಸ್ತೆಯಲ್ಲಿ ಬಿಡಿಸಲೂಬೇಕು. ಇಲ್ಲವಾದರೆ ತಿರುವಿನಲ್ಲಿ ಗೇರುಗಳು ಬಿಗಿದು ಸವೆಯುತ್ತವೆ. 1980ರ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಆಡಿ ಕ್ವಾಟ್ರೊದಂತೆ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇರುವ ಕಾರುಗಳಲ್ಲಿ ನಾಲ್ಕೂ ಚಕ್ರಗಳು ಸದಾ ದುಡಿಯುತ್ತವೆ.

ನಿಲ್ಲಿಸುವಾಗ ಮಾತ್ರ ಈ ಮೇಲುಗೈ ಇಲ್ಲವಾಗುತ್ತದೆ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗಿರುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಬಳಿಕ ಒಣ ರಸ್ತೆಯಲ್ಲಿ ಲೆಕ್ಕದ ಪ್ರಕಾರ ಸುಮಾರು 12 ಮೀಟರಿನಲ್ಲಿ ನಿಂತರೆ, 0.2 ಘರ್ಷಣಾಂಕದ ಹಿಮದಲ್ಲಿ ಸುಮಾರು 50 ಮೀಟರ್, ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್ ಸಾಗುತ್ತದೆ. ಸಲೀಸಾಗಿ ವೇಗ ಪಡೆಯುವ ವಾಹನ ರಸ್ತೆಯ ಜಾರುತನವನ್ನೇ ಚಾಲಕನಿಂದ ಮರೆಮಾಚುವುದರಿಂದ ಇಲ್ಲಿ ಅಪಾಯ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಹಿಡಿತವನ್ನು ಹೆಚ್ಚಿಸುವುದು ಚಳಿಗಾಲದ ಟೈರು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಗಡುಸಾಗದ ಅದರ ರಬ್ಬರು ಮತ್ತು ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚುತ್ತವೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಕಡ್ಡಾಯ.

ವಾಹನ ಅಡ್ಡಾದಿಡ್ಡಿ ಜಾರದಂತೆ ತಡೆಯುವ ಸ್ಥಿರತಾ ನಿಯಂತ್ರಣ ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯುರೋಪಿನ ಒಕ್ಕೂಟದಲ್ಲಿ 2014ರ ನವೆಂಬರಿನಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದು, ಟ್ರ್ಯಾಕ್ಷನ್ ಕಂಟ್ರೋಲ್ ಸಾಮಾನ್ಯವಾಗಿ ಅದರ ಜೊತೆಗೇ ಬರುತ್ತದೆ. ಹೀಗಾಗಿ ಅಲ್ಲಿನ ಕೊಳ್ಳುಗರಿಗೆ ಉಳಿಯುವ ಪ್ರಶ್ನೆ, ಹೆಚ್ಚಿನ ಬೆಲೆ, ತೂಕ, ಇಂಧನ ವೆಚ್ಚ ತೆತ್ತು ನಾಲ್ಕು ಚಕ್ರ ಚಾಲನೆಯನ್ನೂ ಪಡೆಯಬೇಕೇ ಎಂಬುದಷ್ಟೇ. ಹಿಮವನ್ನು ಬೇಗ ತೆಗೆಯುವ ನಗರಗಳಲ್ಲಿ ಅದೇ ಹಣದ ಒಂದು ಪಾಲನ್ನು ಟೈರಿಗೆ ಹಾಕುವುದು ಹೆಚ್ಚು ಸಾರ್ಥಕ. ಕಡಿದಾದ, ಹಿಮ ತೆಗೆಯದ ದಾರಿಯಲ್ಲಿ ವಾಸವಿರುವವರಿಗೆ ಎರಡೂ ಬೇಕು. ಚಳಿಗಾಲದ ಟೈರು ತೀರ ವಿರಳವಾದ ಭಾರತದಲ್ಲಿ, ಹಿಮ ಬಿದ್ದಾಗ ಮನಾಲಿಯಿಂದ ಅಟಲ್ ಸುರಂಗದತ್ತ ನಾಲ್ಕು ಚಕ್ರ ಚಾಲನೆಯ ಅಥವಾ ಚಕ್ರಕ್ಕೆ ಸರಪಳಿ ಬಿಗಿದ ವಾಹನಗಳನ್ನಷ್ಟೇ ಪೊಲೀಸರು ಬಿಡುವುದುಂಟು. ಕ್ಯಾಲಿಫೋರ್ನಿಯದ ಬೆಟ್ಟದ ಹೆದ್ದಾರಿಗಳ ನಿಯಮ ಇನ್ನೂ ಬಿಗಿ: ನಾಲ್ಕೂ ಚಕ್ರಗಳಿಗೆ ಹಿಮದ ಟೈರು ಹಾಕಿದ ನಾಲ್ಕು ಚಕ್ರ ಚಾಲನೆಯ ವಾಹನಕ್ಕೆ ಹಂತಹಂತವಾಗಿ ಬಿಗಿಯಾಗುವ ನಿರ್ಬಂಧದ ಎರಡನೆಯ ಹಂತದವರೆಗೆ ಸರಪಳಿಯಿಂದ ವಿನಾಯಿತಿಯಿದ್ದರೂ ಅದನ್ನು ಜೊತೆಯಲ್ಲಿ ಒಯ್ಯಲೇಬೇಕು, ಮೂರನೆಯ ಹಂತದಲ್ಲಿ ಯಾವ ವಾಹನಕ್ಕೂ ವಿನಾಯಿತಿ ಇಲ್ಲ.