ಆಯಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಕನ್ನಡದಲ್ಲಿ ‘ಆಯಿ’ ಎಂದರೆ ಅಜ್ಜಿ. ಅದೇ ಓಣಿಯ ಮರಾಠಿಯಲ್ಲಿ ಅದು ತಾಯಿ, ಅಜ್ಜಿಗೆ ಅಲ್ಲಿ ‘ಆಜಿ’ ಎಂಬ ಬೇರೆ ಮಾತಿದೆ. ಹೀಗಾಗಿ ಸಮಾಜಕಾರ್ಯಕರ್ತರೊಬ್ಬರು ಹೊಸ್ತಿಲಲ್ಲಿ ನಿಂತು ‘ಆಯಿ’ ಎಂದು ಕೂಗಿದಾಗ, ಕನ್ನಡದ ಕಿವಿಗೆ ಆ ಕರೆ ಒಂದು ತಲೆಮಾರಿನ ವಯಸ್ಸನ್ನು ಕೂಡಿಸಿಯೇ ತಲುಪುತ್ತದೆ. ಅರವತ್ತರ ಆಸುಪಾಸಿನಲ್ಲಿ ಇನ್ನೂ ಬೀಡಿ ಕಟ್ಟುವ ನಿಪ್ಪಾಣಿಯ ಹೆಂಗಸರಿಗೆ ಇದು ಸಣ್ಣ ವ್ಯತ್ಯಾಸವೇನಲ್ಲ.

ಕಡತದ ಭಾಷೆಗೆ ಈ ತೊಡಕಿಲ್ಲ. ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ 60 ತುಂಬಿದವರನ್ನು ‘ಹಿರಿಯ ನಾಗರಿಕ’ ಎನ್ನುತ್ತದೆ. ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋದರೆ ಅವರೇ ‘ಅರ್ಜಿದಾರರು’, 65 ದಾಟಿ ಸಂಧ್ಯಾ ಸುರಕ್ಷಾ ಪಿಂಚಣಿ ಮಂಜೂರಾದರೆ ‘ಫಲಾನುಭವಿ’. (ಫಲವನ್ನು ಅನುಭವಿಸುವವರು ಎಂದು ಹೇಳುವ ಈ ಪದ, ಗಿಡ ನೆಟ್ಟವರು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ.)

ಇವಕ್ಕೆ ಹೋಲಿಸಿದರೆ ‘ಆಯಿ’ ಬೆಚ್ಚಗಿನ ಮಾತೇ ಹೌದು, ಆದರೆ ಅದರ ಗುಣ ತಿಳಿಯುವುದು ಅದರ ಹಿಂದೆ ಬರುವ ಕ್ರಿಯಾಪದದಿಂದ. ವರ್ಷಗಟ್ಟಲೆ ಬೀಡಿ ಎಲೆ ಸುತ್ತಿ ಬೆರಳ ಗೆರೆ ಸವೆದಿದ್ದರೆ ಬೆರಳಚ್ಚಿನ ಯಂತ್ರ ಗುರುತು ಹಿಡಿಯದು. ಆಗ ‘ಆಯಿ, ಇನ್ನೊಮ್ಮೆ ಥಂಬ್ ಕೊಡ’ ಎನ್ನುವುದಕ್ಕೂ ‘ಆಯಿ, ಇನ್ನೊಮ್ಮೆ ಥಂಬ್ ಕೊಡ್ರಿ’ ಎನ್ನುವುದಕ್ಕೂ ನಡುವೆ ಇರುವುದು ‘ರಿ’ ಎಂಬ ಒಂದೇ ಅಕ್ಷರ, ಅಂದರೆ ಒಬ್ಬರನ್ನೇ ಬಹುವಚನದಲ್ಲಿ ಕಾಣುವ ಉತ್ತರ ಕರ್ನಾಟಕದ ಗೌರವಪ್ರತ್ಯಯ. ಮೊದಲನೆಯದರಲ್ಲಿ, ಯಂತ್ರದ ತಪ್ಪು ಬೆರಳಿನವರ ತಪ್ಪಾಗಿ ಕೇಳಿಸುತ್ತದೆ.

ಹಾಗೆಂದು ಏಕವಚನವೆಲ್ಲ ಅಗೌರವವೆಂದು ತೀರ್ಮಾನಿಸುವಂತೆಯೂ ಇಲ್ಲ. ಮರಾಠಿ ಮನೆಗಳಲ್ಲಿ ತಂದೆಗೆ ‘ತುಮ್ಹಿ’ ಎನ್ನುವ ಮಕ್ಕಳೇ ತಾಯಿಗೆ ‘ತೂ’ ಎನ್ನುವುದು ಹಳೆಯ ರೂಢಿ; ಕನ್ನಡದ ಮೊಮ್ಮಕ್ಕಳೂ ಸ್ವಂತ ಆಯಿಗೆ ‘ನೀ’ ಎಂದೇ ಅನ್ನುತ್ತಾರೆ. ಆ ಸಲಿಗೆ ಮಡಿಲಲ್ಲಿ ಬೆಳೆದವರ ಹಕ್ಕು. ಕೈಯಲ್ಲಿ ಅರ್ಜಿ ಹಿಡಿದು ಬಂದವರು ನಂಟಿನ ಹೆಸರನ್ನು ಎರವಲು ಪಡೆದಾಗ ಅದರೊಂದಿಗೆ ಏಕವಚನವನ್ನೂ ಎತ್ತಿಕೊಂಡು ಬಿಡುವುದರಿಂದಲೇ ಎಡವಟ್ಟಾಗುತ್ತದೆ. ವಯಸ್ಸಾದವರನ್ನು ಮಗುವಿನಂತೆ ಮಾತನಾಡಿಸುವ ಅಭ್ಯಾಸವೂ, ಪಕ್ಕದಲ್ಲಿ ಕುಳಿತ ಮಗನನ್ನು ನೋಡುತ್ತ ‘ಆಯಿ ಊಟ ಮಾಡ್ತಾಳೇನ್ರಿ’ ಎಂದು ಕೇಳುವ ಅಭ್ಯಾಸವೂ ಇದರ ಒಡಹುಟ್ಟುಗಳು: ಅಲ್ಲಿ ‘ರಿ’ ಇದ್ದೇ ಇದೆ, ಆದರೆ ಸಂದಿರುವುದು ಮಗನಿಗೆ.

ಆದ್ದರಿಂದ ಅನುಭವಸ್ಥರು ಮೊದಲ ಭೇಟಿಯಲ್ಲಿಯೇ ‘ನಿಮಗ ಏನಂತ ಕರೀಬೇಕ್ರಿ?’ ಎಂದು ಕೇಳಿಬಿಡುತ್ತಾರೆ. ಉತ್ತರವಾಗಿ ಹೆಸರು ಬರಬಹುದು, ‘ಆಯಿ’ಯೇ ಬರಬಹುದು, ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸುತ್ತ ‘ಅಕ್ಕಾ ಅನ್ರಿ, ಇನ್ನೂ ಅಷ್ಟ ವಯಸ್ಸಾಗಿಲ್ಲ’ ಎಂದೂ ಬರಬಹುದು.