ಹಡಗಿನ ಧೋಬಿ

ಬ್ರಿಟಿಷ್ ನೌಕಾಪಡೆಯ ಆಡುಮಾತಿನಲ್ಲಿ ಬಟ್ಟೆ ಒಗೆಯೋದಕ್ಕೆ ‘ಧೋಬಿ’ ಅಂತಾರೆ. ವಾಷಿಂಗ್ ಪೌಡರಿಗೆ ‘ಧೋಬಿ ಡಸ್ಟ್’. ಹಿಂದೂಸ್ತಾನದಲ್ಲಿ ಕಿವಿಗೆ ಬಿದ್ದ ಶಬ್ದ ಸಮುದ್ರ ದಾಟಿ ಹೋಯ್ತು. ಒಗೆಯುವವನ ಹೆಸರೇ ಕೆಲಸದ ಹೆಸರಾಯ್ತು, ಮನುಷ್ಯ ಮಾತ್ರ ಕಾಣೆಯಾದ.

ನಾನು ಹಡಗಿನ ಎಂಜಿನ್ ರೂಮಿನಲ್ಲಿ ದುಡಿಯುವವನು. ಊರು ಇಂಡಿ ತಾಲೂಕಿನ ಸಾಲೋಟಗಿ. ಸಣ್ಣ ಹಾಯಿದೋಣಿಯಲ್ಲೇ ಸಂಸಾರ ಹೂಡಿದ ಒಂದಿಬ್ಬರು ಪರಿಚಯದವರು “ದೋಣಿಗೆ ಯಾವ ವಾಷಿಂಗ್ ಮಷೀನ್ ಚಲೋ?” ಅಂತ ಕೇಳಿದ್ದುಂಟು. ಮಷೀನಿನ ಮಾತು ಆಮೇಲೆ. ಅದು ಕೂರುವ ಜಾಗದಲ್ಲಿ ಮೊದಲು ಯಾರಿದ್ದರು, ನೀರು ಎಲ್ಲಿಂದ ಬರ್ತಿತ್ತು ಅನ್ನೋದು ನನಗೆ ಹೆಚ್ಚು ಕುತೂಹಲದ ವಿಷಯ.

ಹಾಯಿಹಡಗಿನ ಕಾಲದಲ್ಲಿ ಸಿಹಿನೀರು ಪೀಪಾಯಿಗಳಲ್ಲಿ ಇರ್ತಿತ್ತು, ಅದು ಕುಡಿಯೋದಕ್ಕೆ. ನಾವಿಕರು ಅರಿವೆಗಳನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಹಿಂದೆ ನೀರಿಗೆ ಬಿಟ್ಟು ಎಳೆಸ್ತಿದ್ರು. ಕೊಳೆ ಹೋಗ್ತಿತ್ತು, ಉಪ್ಪು ಉಳೀತಿತ್ತು. ಉಪ್ಪು ಗಾಳಿಯ ಪಸೆ ಹೀರುವುದರಿಂದ ಅಂಗಿ ಪೂರ್ತಿ ಒಣಗೋದೇ ಇಲ್ಲ. ಕಂಕುಳು, ತೊಡೆ ಉಜ್ಜಿ ಹುಣ್ಣಾಗ್ತದೆ. ಸಾಧಾರಣ ಸಾಬೂನು ಸಮುದ್ರದ ನೀರಿನಲ್ಲಿ ನೊರೆ ಬಿಡದೆ ಒಡೆದ ಹಾಲಿನ ಹಾಗೆ ಗರಣೆಗಟ್ಟಿ ಬಟ್ಟೆಗೆ ಅಂಟ್ತದೆ. ಕೊಬ್ಬರಿ ಎಣ್ಣೆಯಿಂದ ಮಾಡಿದ ಸಾಬೂನು ಮಾತ್ರ ಅಲ್ಲಿ ಅಷ್ಟಿಷ್ಟು ನೊರೆ ಕೊಡ್ತದೆ. ಹಡಗಿನವರಿಗೆ ಅಂತಲೇ ಅದನ್ನು ಮಾರುತ್ತಿದ್ದರು.

ಈ ಕಥೆ ವಿಜಯಪುರ ಜಿಲ್ಲೆಯವರಿಗೆ ಹೊಸದೇನಲ್ಲ. ನಮ್ಮಲ್ಲೂ ಒಂದು ‘ಡೋಣಿ’ ಇದೆ, ಆದರೆ ಅದು ಹೊಳೆ. ಡೋಣಿ ಹರಿದರೆ ಓಣಿಗೆಲ್ಲ ಜೋಳ ಅಂತ ಹಿರಿಯರು ಹೇಳ್ತಾರೆ. ಅದರ ದಂಡೆಯ ಕರಿಮಣ್ಣು ಅಷ್ಟು ಫಲವತ್ತು. ನೀರು ಮಾತ್ರ ಸವಳು. ಬಾವಿ, ಬೋರುಗಳದ್ದೂ ಎಷ್ಟೋ ಕಡೆ ಅದೇ ಗತಿ. ಸಾಬೂನು ಸವೆದೀತು, ನೊರೆ ಬರಲಿಕ್ಕಿಲ್ಲ. ಇದಕ್ಕೆ ನಮ್ಮ ಅಗಸರು ಕಂಡುಕೊಂಡ ದಾರಿ ನೋಡಿ: ಸವಳನ್ನೇ ದುಡಿಸಿಕೊಂಡರು. ನೆಲದ ಮೇಲೆ ಬೆಳ್ಳಗೆ ಉಬ್ಬಿದ ಸವಳು ಮಣ್ಣಿನಲ್ಲಿ ಕ್ಷಾರ ಇರ್ತದೆ. ಆ ಮಣ್ಣು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿದರೆ ಜಿಡ್ಡು ಬಿಡ್ತದೆ. ರೋಮಿನ ಅಗಸರು ಇದೇ ಕೆಲಸಕ್ಕೆ ಹಳಸಿದ ಮೂತ್ರ ಬಳಸುತ್ತಿದ್ದರು, ವೆಸ್ಪಾಸಿಯನ್ ದೊರೆ ಅದರ ಮೇಲೂ ತೆರಿಗೆ ಹಾಕಿದ್ದ. ಅದಕ್ಕೆ ಹೋಲಿಸಿದರೆ ನಮ್ಮ ಮಣ್ಣೇ ವಾಸಿ ಅನ್ನಿ!

ನಮ್ಮೂರಿಗೆ ಇತಿಹಾಸದಲ್ಲಿ ಹೆಸರು ಬಂದದ್ದು ಒಂದು ಶಾಸನದ ಕಂಬದಿಂದ. ಕ್ರಿ.ಶ. 945, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ. ದೂರದೂರದಿಂದ ಓದೋಕೆ ಬಂದವರಿಗೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಗುರುವಿಗೆ 50 ನಿವರ್ತನ. ಇವತ್ತಿನ ಹಾಸ್ಟೆಲ್ ಬಜೆಟ್ಟಿನಷ್ಟೇ ಚೊಕ್ಕ ಲೆಕ್ಕ. ಹಾಸ್ಟೆಲಿನಲ್ಲಿ ಬೆಳೆದ ನನಗೆ ಹೊಳೆಯೋ ಪ್ರಶ್ನೆ ಒಂದೇ: ಆ 27 ಮನೆಗಳ ಹುಡುಗರ ಅರಿವಿ ಯಾರು ಒಗೀತಿದ್ರು?

ಎರಡು ಶತಮಾನ ದಾಟಿದ ಮೇಲೆ ಇದೇ ಸೀಮೆಯ ಒಬ್ಬ ಒಗೆಯುವವನು ತಾನೇ ಮಾತಾಡಿದ. ಸಿಂದಗಿ ಕಡೆಯ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು. ‘ಕಲಿದೇವರದೇವ’ ಅಂಕಿತದಲ್ಲಿ ವಚನ ಬರೆದವರು, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸಮಕಾಲೀನರು. ಕಾಯಕ ಮಾಡದವರ ಬಟ್ಟೆ ಮುಟ್ಟೋದಿಲ್ಲ ಅಂದವರು, ಶರಣರ ಮಡಿಬಟ್ಟೆ ಹೊತ್ತು ಗಂಟೆ ಬಾರಿಸುತ್ತ ನಡೆದವರು ಅಂತ ಅವರ ಬಗ್ಗೆ ಕಥೆಗಳಿವೆ. ಕಥೆಯಲ್ಲಿ ನಿಜ ಎಷ್ಟೇ ಇರಲಿ, ಯಾರ ಬಟ್ಟೆ ಒಗೆಯಬೇಕು ಅನ್ನೋದನ್ನ ಒಗೆಯುವವನೇ ತೀರ್ಮಾನ ಮಾಡಿದ ಅನ್ನೋ ಮಾತು ಸಣ್ಣದಲ್ಲ.

ಹಡಗಿನಲ್ಲಿ ಅಂಥ ಆಯ್ಕೆ ಯಾರಿಗೂ ಇರಲಿಲ್ಲ. 1912ರ ಟೈಟಾನಿಕ್‌ನಲ್ಲಿ ಈಜುಕೊಳ ಇತ್ತು, ಲಾಂಡ್ರಿ ಇರಲಿಲ್ಲ. ಊಟದ ಮೇಜಿನ ನ್ಯಾಪ್‌ಕಿನ್ನೇ 45 ಸಾವಿರ ತುಂಬಿಕೊಂಡು ಹೊರಟದ್ದು. ಮೈಲಿಗೆಯಾದದ್ದೆಲ್ಲ ದಡದ ಮೇಲಿನವರ ಪಾಲಿಗೆ. ಆಮೇಲೆ ಯುದ್ಧನೌಕೆಗಳಲ್ಲಿ ಲಾಂಡ್ರಿ ಬಂತು, ಅದನ್ನು ನಡೆಸಲು ಬ್ರಿಟಿಷರು ಹಾಂಗ್‌ಕಾಂಗಿನ ಚೀನೀಯರನ್ನು ಇಟ್ಟುಕೊಂಡರು. ಅವರು ಸೈನಿಕರಲ್ಲ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಶೆಫೀಲ್ಡ್, ಕೊವೆಂಟ್ರಿ ಹಡಗುಗಳಿಗೆ ಪೆಟ್ಟು ಬಿದ್ದಾಗ ಸತ್ತವರಲ್ಲಿ ಈ ಲಾಂಡ್ರಿಯವರೂ ಇದ್ದರು. ಯಾವ ದ್ವೀಪ ಯಾರದು ಅನ್ನೋ ಜಗಳಕ್ಕೂ ಅವರಿಗೂ ಏನು ಸಂಬಂಧ? ಒಗೆಯೋಕೆ ಹೋಗಿದ್ದರು, ಅಷ್ಟೇ.

ಈಗಿನ ಸರಕು ಹಡಗಿನಲ್ಲಿ ನಮ್ಮ ಬಟ್ಟೆ ನಾವೇ ಮಷೀನಿಗೆ ಹಾಕ್ತೀವಿ. ನೀರನ್ನೂ ನಾವೇ ಮಾಡ್ಕೋತೀವಿ: ಎಂಜಿನ್ ತಂಪು ಮಾಡಿ ಬಿಸಿಯಾಗಿ ಬಂದ ನೀರಿನ ಶಾಖವನ್ನೇ ಬಳಸಿ, ನಿರ್ವಾತದಲ್ಲಿ ಸಮುದ್ರದ ನೀರನ್ನು 50 ಡಿಗ್ರಿ ಆಸುಪಾಸಿನಲ್ಲೇ ಕುದಿಸಿ, ಆವಿಯನ್ನು ತಣಿಸೋದು. ಅದು ಎಷ್ಟು ಮೆದು ನೀರು ಅಂದ್ರೆ ಒಂದು ಚಮಚ ಪೌಡರಿಗೇ ನೊರೆ ಉಕ್ತದೆ. ಊರಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ 1959ರಲ್ಲಿ ಬಂದ ಸರ್ಫ್, ಅದಾದ ಹತ್ತು ವರ್ಷಕ್ಕೆ ಕರ್ಸನ್‌ಭಾಯಿ ಪಟೇಲರು ಶುರು ಮಾಡಿದ ಅಗ್ಗದ ನಿರ್ಮಾ, ಇಂಥ ಡಿಟರ್ಜೆಂಟುಗಳೇ ದೊಡ್ಡ ಉಪಕಾರ. ಗಡಸು ನೀರಿನ ಸುಣ್ಣದ ಅಂಶಕ್ಕೆ ಅವು ಸಾಬೂನಿನ ಹಾಗೆ ಗರಣೆಗಟ್ಟೋದಿಲ್ಲ.

ಸಣ್ಣ ದೋಣಿಯದು ಹಡಗಿನ ಶ್ರೀಮಂತಿಕೆ ಅಲ್ಲ, ಬೇಸಿಗೆಯ ಇಂಡಿಯ ಸ್ಥಿತಿ. ಟ್ಯಾಂಕಿನಲ್ಲಿ ಇದ್ದಷ್ಟೇ ನೀರು, ಬ್ಯಾಟರಿಯಲ್ಲಿ ಇದ್ದಷ್ಟೇ ಕರೆಂಟು. ಫ್ರಂಟ್ ಲೋಡ್ ಮಷೀನು ಕಡಿಮೆ ನೀರು ಕುಡಿಯೋದು ನಿಜ. ಆದರೆ ಅದರೊಳಗೆ ಭಾರಕ್ಕೆ ಕಾಂಕ್ರೀಟ್ ದಿಮ್ಮಿ ಇರ್ತದೆ, ಡ್ರಮ್ಮು ಸ್ಪ್ರಿಂಗಿನಲ್ಲಿ ತೂಗ್ತಿರ್ತದೆ. ಅಲೆಗೆ ದೋಣಿ ಹೊಯ್ದಾಡಿದರೆ ಡಬ್ಬಕ್ಕೇ ಬಡಕೊಳ್ತದೆ. ನೀರು ಕಾಯಿಸೋ ಕಾಯಿಲ್ಲಿಗೆ ಎರಡು ಸಾವಿರ ವ್ಯಾಟ್ ಆಸುಪಾಸು ಬೇಕು. ಲಂಗರು ಹಾಕಿದಾಗ, ತಣ್ಣೀರಿನಲ್ಲೇ ಓಡಿಸೋದಾದರೆ ಸರಿ. ಇಲ್ಲವಾದರೆ ನನ್ನ ಮತ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್‌ಗೇ. ನಮ್ಮ ಕಡೆ ನಳ ನಂಬದ ಮನೆಗಳವರು ಅದನ್ನೇ ಇಟ್ಕೊಂಡಿರೋದು ಸುಮ್ಮನೆ ಅಲ್ಲ. ನೀರಿಗೆ ಒತ್ತಡ ಬೇಡ, ಕೊಡದಿಂದ ಸುರಿದರೂ ನಡೀತದೆ, ಒಂದೇ ಸಾಬೂನು ನೀರನ್ನು ಮೂರು ಸಲ ದುಡಿಸಬಹುದು. ಮೊದಲು ಬಿಳಿಯವು, ಆಮೇಲೆ ಬಣ್ಣದವು, ಕಡೆಗೆ ಎಣ್ಣೆ ಮೆತ್ತಿದ ಬಾಯ್ಲರ್ ಸೂಟು. ಹಿಂಡುವ ತೊಟ್ಟಿಗೆ ಹಾಕುವಾಗ ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿ. ದೋಣಿ ವಾಲಿದ್ದರೆ ಅಷ್ಟು ಹೊತ್ತು ತಡೀರಿ.