ನೀಲಗಿರಿಯ ಹುಲ್ಲುಗಾವಲು: ಒಂದು ಚಾರಿತ್ರಿಕ ಟಿಪ್ಪಣಿ

‘ತೃಣಪ್ರಾಯ’ ಎಂಬ ಮಾತಿಗೆ ಕನ್ನಡದಲ್ಲಿ ಲೆಕ್ಕಕ್ಕೆ ಬಾರದ್ದು ಎಂದೇ ಅರ್ಥ. ನೀಲಗಿರಿಯ ಚರಿತ್ರೆಯನ್ನು ಬರೆದವರೂ ಬಹುಮಟ್ಟಿಗೆ ಈ ಅರ್ಥವನ್ನೇ ಒಪ್ಪಿದಂತೆ ತೋರುತ್ತದೆ. ಚಹಾ, ಕಾಫಿ, ಸಿಂಕೋನಾಗಳ ಪ್ರಸ್ತಾಪ ಧಾರಾಳವಾಗಿರುವ ಆ ಬರಹಗಳಲ್ಲಿ ಹುಲ್ಲಿಗೆ ದೊರೆತ ಸ್ಥಾನ ಅತ್ಯಲ್ಪ. ವಸ್ತುತಃ ಆ ಬೆಟ್ಟಗಳ ಮೇಲ್ನಾಡು ಹುಲ್ಲಿನ ನಾಡು. ಕಣಿವೆಯ ಮಡಿಲುಗಳಲ್ಲಿ ಶೋಲಾ ಕಾಡು, ಇಳಿಜಾರುಗಳಲ್ಲಿ ಹುಲ್ಲು: ಇದು ಅಲ್ಲಿನ ಸಹಜ ವಿನ್ಯಾಸ. ತೋಡರ ಎಮ್ಮೆಗಳು ಈ ಹುಲ್ಲನ್ನೇ ನಂಬಿದ್ದವು. ಮೈಸೂರು ಸೀಮೆಯಿಂದ ವಲಸೆ ಬಂದವರೆಂದು ಹೇಳಿಕೊಳ್ಳುವ, ಕನ್ನಡಕ್ಕೆ ಅತಿ ನಿಕಟವಾದ ನುಡಿಯನ್ನಾಡುವ ಬಡಗರು ಅದರ ಅಂಚಿನಲ್ಲಿ ಬೇಸಾಯ ಹೂಡಿದರು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವನ್ನೇರಿದ ಬಳಿಕ ಈ ನೆಲವನ್ನು ಕಾಣುವ ದೃಷ್ಟಿಯೇ ಬದಲಾಯಿತು. ಮರವಿಲ್ಲದ ಇಳಿಜಾರು ಆಂಗ್ಲರ ಕಣ್ಣಿಗೆ ಬರಿದಾದ ಭೂಮಿಯಾಗಿ ಕಂಡಿತು. ಉದಕಮಂಡಲದ ಸೌದೆಯ ಅಗತ್ಯಕ್ಕಾಗಿ 19ನೆಯ ಶತಮಾನದಲ್ಲಿ ಆಸ್ಟ್ರೇಲಿಯದ ಅಕೇಸಿಯಾ, ಯೂಕಲಿಪ್ಟಸ್‌ಗಳು ಬಂದವು. ಚರ್ಮ ಹದಮಾಡುವ ತೊಗಟೆಗಾಗಿ ವ್ಯಾಟಲ್ ನೆಡುತೋಪುಗಳು ಹಬ್ಬಿದವು. ಮೇವಿಗೆಂದು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳ ಕಿಕುಯು ಹುಲ್ಲೂ ಬಂದಿತು. ನೆಲದ ಮೇಲೆ ಹರಿಯುವ ಬಳ್ಳಿಕಾಂಡಗಳಿಂದಲೂ ನೆಲದೊಳಗಿನ ಗೆಡ್ಡೆಕಾಂಡಗಳಿಂದಲೂ ಹರಡುವ ಈ ಹುಲ್ಲು ದಟ್ಟವಾದ ಚಾಪೆಯಂತೆ ನೆಲವನ್ನು ಮುಚ್ಚುತ್ತದೆ. ಸ್ಥಳೀಯ ಹುಲ್ಲಿನ ಮೊಳಕೆಗೆ ಅಲ್ಲಿ ಎಡೆಯಿಲ್ಲ. ವ್ಯಾಟಲ್ ಆಕ್ರಮಣ ದೂರದಿಂದಲೇ ಕಾಣುತ್ತದೆ, ಕಿಕುಯುವಿನದು ಹಾಗಲ್ಲ. ಹಸಿರಿಗೆ ಹಸಿರೇ ಇರುವುದರಿಂದ ನೋಡುವವನು ಅದನ್ನೇ ಬೆಟ್ಟದ ಮೂಲ ಹುಲ್ಲೆಂದು ಭಾವಿಸುತ್ತಾನೆ.

ಹುಲ್ಲುಗಾವಲು ಮನುಷ್ಯ ಕಡಿದ ಕಾಡಿನ ಅವಶೇಷವೇ ಎಂಬ ಚರ್ಚೆ ಬಹುಕಾಲ ನಡೆಯಿತು. ಹೌದೆಂದಾದರೆ ಮರ ನೆಡುವುದು ನ್ಯಾಯವೇ ಆಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಊಹೆಯನ್ನು ದುರ್ಬಲಗೊಳಿಸಿತು. ನೀಲಗಿರಿಯ ಜೌಗುಮಣ್ಣಿನ ಪದರಗಳಲ್ಲಿರುವ ಇಂಗಾಲದ ಐಸೊಟೋಪುಗಳು, ಸುಮಾರು 20,000 ವರ್ಷಗಳಷ್ಟು ಹಿಂದೆಯೂ ಅಲ್ಲಿ ಹುಲ್ಲು ವ್ಯಾಪಕವಾಗಿತ್ತೆಂಬುದನ್ನು ಸೂಚಿಸಿದವು. ಹವಾಮಾನಕ್ಕೆ ಅನುಗುಣವಾಗಿ ಕಾಡೂ ಹುಲ್ಲೂ ಹಿಗ್ಗುತ್ತ ಕುಗ್ಗುತ್ತ ಬಂದಿದ್ದವು.

ಈ ನಷ್ಟ ಸಸ್ಯಶಾಸ್ತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ತೋಡರ ಗುಡಿಗಳ ಮಾಡಿಗೆ ಹೊದಿಸುವುದು ಜೌಗುನೆಲದಲ್ಲಿ ಬೆಳೆಯುವ ಒಂದು ವಿಶಿಷ್ಟ ಹುಲ್ಲನ್ನು. ಜೌಗುಗಳು ಬತ್ತಿದಂತೆ, ತೋಪುಗಳಾದಂತೆ ಆ ಹುಲ್ಲು ವಿರಳವಾಗುತ್ತದೆ. ಹುಲ್ಲಿಲ್ಲದೆ ಮಾಡಿಲ್ಲ, ಮಾಡಿಲ್ಲದೆ ಗುಡಿಯಿಲ್ಲ.

ತಮಿಳುನಾಡು ಸರ್ಕಾರ 2022ರಲ್ಲಿ ಆಕ್ರಮಣಕಾರಿ ಸಸ್ಯಗಳ ನಿವಾರಣೆಗೆ ನೀತಿಯೊಂದನ್ನು ರೂಪಿಸಿದೆ. ಆದರೆ ವ್ಯಾಟಲ್ ಕಡಿದ ಮಾತ್ರಕ್ಕೆ ಹಳೆಯ ಹುಲ್ಲು ಮರಳುವುದಿಲ್ಲ. ಅದರ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವಂತವಾಗಿದ್ದು ಬೆಂಕಿ ತಗುಲಿದಾಗ ಮೊಳೆಯುತ್ತದೆ. ಯಾವ ಹುಲ್ಲು ಯಾವ ನೆಲದ್ದೆಂಬ ತಿಳಿವು ತೋಡರಲ್ಲಿಯೂ ಬಡಗರಲ್ಲಿಯೂ ಇನ್ನೂ ಉಳಿದಿದೆ. ಬಡಗ ನುಡಿಯ ಸಸ್ಯನಾಮಗಳನ್ನು ಕಲೆಹಾಕುವ ಕೆಲಸ ಕನ್ನಡ ಅಧ್ಯಯನದ ಪರಿಧಿಗೂ ಸೇರಿದ್ದೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.